ಪುಗ್ಗ ಒಡೆಯುವ ವಿಷಯ ನನಗೂ ಗೊತ್ತಿತ್ತು

ಐದನೇ ತರಗತಿಗೆ ಬರುವವರೆಗೆ ನನ್ನ ಮಗಳು ಏನೇ ಇದ್ದರೂ ನನ್ನನ್ನೇ ಕೇಳುತ್ತಿದ್ದಳು. ಆಮೇಲೆ ನಮ್ಮೂರು ದುಂಡಸಿಯ ಸಾಲಿಗೆ ಶಿಗ್ಗಾವಿಯಿಂದ ಬಸ್ಸಿನಲ್ಲಿ ಬರುವ ಹೊಸ ಟೀಚರೊಬ್ಬರು ಬಂದರು. ಅಂದಿನಿಂದ ಮನೆಯಲ್ಲಿ ಅವರದೇ ಜಪ. ಅಕ್ಕೋರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಅಕ್ಕೋರು ಹೀಗೆ ಜಡೆ ಹಾಕಿಕೊಳ್ಳುತ್ತಾರೆ. ನಾನು ಹಾಕಿದ ಜಡೆಯನ್ನು ಬಿಚ್ಚಿ ಅವರ ಹಾಗೆ ಹಾಕೆಂದ ದಿನ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಆ ಹೆಂಗಸನ್ನು ಕಂಡರೇ ನನಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಮಗಳು ಓಡುತ್ತ ಬಂದಳು. ಟೀಚರು ಊದಿದ ಪುಗ್ಗಕ್ಕೆ, ಅದೇ ಬಲೂನಿಗೆ, ಸೂಜಿ ಚುಚ್ಚಿದರಂತೆ, ಢಬ್ಬೆಂದು ಒಡೆಯಿತಂತೆ. ಇನ್ನೊಂದಕ್ಕೆ ಟೇಪು ಅಂಟಿಸಿ ಅದರ ಮೇಲೆಯೇ ಚುಚ್ಚಿದರೆ ಒಡೆಯಲಿಲ್ಲವಂತೆ. ಯಾಕೆಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದ್ದರು. ನಾನು ಹೊಲಿಗೆ ಮಷಿನ್ ತುಳಿಯುವುದನ್ನು ನಿಲ್ಲಿಸಿ ಕಾದೆ. ಅವಳು ನನ್ನನ್ನು ದಾಟಿ ಹೋಗಿ ಅಪ್ಪನ ಫೋನು ಹಿಡಿದು ಕುಳಿತಳು. ನನ್ನನ್ನೂ ಕೇಳಬಹುದಲ್ಲ ಎಂದೆ.

"ನಿನಗೇನ್ ಗೊತ್ತೈತಿ ಬಿಡವ್ವ, ಇದು ವಿಜ್ಞಾನ," ಎಂದಳು, ತಲೆ ಎತ್ತದೆ.

ನನಗೆ ಗೊತ್ತಿತ್ತು. ಹದಿನೈದು ವರ್ಷ ಬಟ್ಟೆ ಹರಿದ ಕೈ ಇದು. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಎಳೆದರೆ ಪರ್ರೆಂದು ಕೊನೆತನಕ ಹರಿಯುತ್ತದೆ. ಬಿಗಿಯಾಗಿ ಎಳೆದದ್ದು ಬಟ್ಟೆಯಾಗಲಿ ರಬ್ಬರಾಗಲಿ, ಸಣ್ಣ ತೂತು ಸಾಕು, ಸೀಳು ಓಡುತ್ತದೆ. ತೇಪೆ ಇದ್ದಲ್ಲಿ ಅದು ಓಡಲಾರದು. ಆದರೆ ಸಿಟ್ಟಿಗೆ ಮತ್ತೆ ಮಷಿನ್ ತುಳಿಯತೊಡಗಿದೆ.

ಮರುದಿನ ಬೆಳಿಗ್ಗೆ ಮಗಳು ಆಗಲೇ ಹೊರಟುಹೋಗಿದ್ದಾಗ, ಸಾಲಿಗೆ ಹೋಗುವ ಮುಂಚೆ ಅದೇ ಟೀಚರು ಸೀರೆಗೆ ಜಂಪರ್ ಹೊಲಿಸಲು ನನ್ನಲ್ಲಿಗೇ ಬಂದರು. ಅಳತೆ ತೆಗೆಯುವಾಗ ತೋಳನ್ನು ಅರ್ಧ ಇಂಚು ಬಿಗಿ ಮಾಡಿಬಿಡಲೇ ಎಂದು ಮನಸ್ಸಾಯಿತು. ಬಿಟ್ಟೆ. ಅದರ ಬದಲು, ಊರಲ್ಲಿ ತಿಳಿದವರು ನೀವೊಬ್ಬರೇ ಅಲ್ಲ ಎಂದು ತೋರಿಸಲಿಕ್ಕೆಂದೇ, ಪುಗ್ಗದ ಮಾತು ತೆಗೆದೆ. ಒಂದು ತುಂಡು ಬಟ್ಟೆ ಹರಿದು ತೋರಿಸಿದೆ. ಇನ್ನೊಂದಕ್ಕೆ ತೇಪೆ ಹಚ್ಚಿ ಎಳೆದೆ. ಸೀಳು ತೇಪೆಯ ಹತ್ತಿರ ಬಂದು ನಿಂತಿತು. ಅವರು ತಾವೂ ಎರಡು ಸಲ ಎಳೆದು ನೋಡಿದರು, ಆ ತುಂಡುಗಳನ್ನು ಕೇಳಿ ಇಸಿದುಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಇಡೀ ದಿನ ಮಗಳ ದಾರಿ ಕಾದೆ.

ಸಂಜೆ ಬಂದವಳ ಮುಖ ಅರಳಿತ್ತು. ಟೀಚರು ಬಟ್ಟೆ ಹರಿದು ತೋರಿಸಿ, ಇದನ್ನು ತಮಗೆ ಕಲಿಸಿದ್ದು ಇವಳ ತಾಯಿ ಎಂದು ಹೇಳಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದರಂತೆ. ನಾನು ಸೂಜಿಗೆ ದಾರ ಪೋಣಿಸುವ ನೆವ ಮಾಡಿ ಮುಂದಿನ ಮಾತಿಗೆ ಕಿವಿಗೊಟ್ಟೆ.

"ಅಕ್ಕೋರು ಅಷ್ಟ್ ಶಾಣ್ಯಾರ್ ಇದ್ದೂ ಎಲ್ಲಾರ ಮುಂದ ನಿನ್ನ ಹೆಸರು ಹೇಳಿದ್ರು ನೋಡವ್ವ," ಎಂದಳು ನನ್ನ ಮಗಳು. "ನಮ್ಮ ಅಕ್ಕೋರಂಥಾವ್ರು ಯಾರೂ ಇಲ್ಲ."