ವೀಳ್ಯ ಕೊಟ್ಟ ಜೀಪು

ಮೊಬೈಲು ನನ್ನನ್ನೊಂದು ಪ್ರಶ್ನೆ ಕೇಳಿ ಸುಮ್ಮನೆ ಕೂತಿದೆ. ನಾನೂ ಅದರ ಮುಖ ನೋಡುತ್ತ ಸುಮ್ಮನೆ ಕೂತಿದ್ದೇನೆ. ಅಂಡಮಾನಿನ ವಿಮಾನ ನಿಲ್ದಾಣದಿಂದ ಕಡಲ ದಂಡೆಯ ರೆಸಾರ್ಟಿಗೆ ಹೋಗಲು ಕಾರು ಗೊತ್ತು ಮಾಡುವ ಕೆಲಸ ನಡೆದಿದೆ. ಬರುವುದು ಯಾವತ್ತು, ಸಾಮಾನು ಎಷ್ಟು, ಕಾರು ನಿಮಗೇ ಪೂರ್ತಿ ಬೇಕೋ ಬೇರೆಯವರ ಜೊತೆ ಹಂಚಿಕೊಳ್ಳುತ್ತೀರೋ ಎಂದೆಲ್ಲ ವಿಚಾರಿಸಿತು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಎಲ್ಲಕ್ಕೂ ಉತ್ತರ ಕೊಟ್ಟೆ. ಕಡೆಗೆ ಇದೊಂದು ಉಳಿದಿದೆ: ನಿಲ್ದಾಣದ ಬಾಗಿಲಲ್ಲಿ ಡ್ರೈವರು ಹಿಡಿದು ನಿಲ್ಲುವ ಬೋರ್ಡಿನ ಮೇಲೆ ಯಾವ ಹೆಸರು ಬರೆಯಬೇಕು?

ನಮ್ಮ ಪಣಕಹಳ್ಳಿ ಮನೆಯಲ್ಲಿ ಸಿಗ್ನಲ್ಲು ಬರುವುದು ಜಗಲಿಯ ಈ ಮೂಲೆಗೆ ಮಾತ್ರ. ಆದ್ದರಿಂದ ಲೋಕದ ವ್ಯವಹಾರವೆಲ್ಲ ಇಲ್ಲೇ. ಇದೇ ಮೂಲೆಯಲ್ಲಿ ಬಹಳ ವರ್ಷಗಳ ಹಿಂದೆ ನನ್ನ ಅತ್ತೆ ಕುಕ್ಕರಗಾಲಲ್ಲಿ ಕೂತು, ಇದೇ ಅಂಡಮಾನಿನ ಪ್ರಯಾಣಕ್ಕೆ ಸಿದ್ದಣ್ಣನ ಜೀಪನ್ನು ಗೊತ್ತು ಮಾಡಿದ್ದರು. ಆಗ ಒಟಿಪಿ ಇರಲಿಲ್ಲ, ವೀಳ್ಯವಿತ್ತು.

ಈ ವೀಳ್ಯದ ಸಂಗತಿ ನಿಮಗೆ ಹೇಳಬೇಕು. ಸಿದ್ದಣ್ಣನ ಅಪ್ಪ ಮದುವೆ ದಿಬ್ಬಣಗಳಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಎಲೆ, ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟು ಕರೆದರೆ ಮಾತ್ರ ಗಾಡಿ ಕಟ್ಟುತ್ತಿದ್ದನಂತೆ. ಎತ್ತು ಹೋಗಿ ಜೀಪು ಬಂದರೂ ಮಗ ಆ ಪದ್ಧತಿ ಬಿಡಲಿಲ್ಲ. ಬಾಡಿಗೆ ಮಾತು ಆಮೇಲೆ, ಮೊದಲು ವೀಳ್ಯ. "ವೀಳ್ಯ ಈಸ್ಕಂಡ್ಮೇಲೆ ಮಂತ್ರಿ ಬಂದು ಕರುದ್ರೂ ನಾ ಬರಾಕಿಲ್ಲ ಕಣವ್ವ" ಎಂದು ಎಲೆಗೆ ಸುಣ್ಣ ಸವರುತ್ತ ಹೇಳುವನು. ನಮ್ಮೂರಿಗೆ ಯಾವ ಮಂತ್ರಿಯೂ ಬಂದಿರಲಿಲ್ಲವಾದ್ದರಿಂದ ಅವನ ಮಾತನ್ನು ಯಾರಿಗೂ ಪರೀಕ್ಷೆ ಮಾಡಲಾಗಲಿಲ್ಲ.

ಬೀನ್ಸು, ಕೋಸು ಬೆಳೆಯುವ ನಮ್ಮಂಥವರಿಗೆ ಅಂಡಮಾನಿನ ಯೋಗ ಹೇಗೆ ಬಂತು ಅನ್ನುತ್ತೀರಾ? ನಮ್ಮ ಯಜಮಾನರದು ತಾಳವಾಡಿಯಲ್ಲಿ, ತಮಿಳುನಾಡಿಗೆ ಸೇರಿದ ನಮ್ಮ ಕನ್ನಡ ಸೀಮೆಯ ಪೇಟೆಯಲ್ಲಿ, ಬೀಜದ ಅಂಗಡಿ. ಅಂಗಡಿ ಅಂದರೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟಗಲ. ಆ ವರ್ಷ ಕೋಸಿಗೆ ಒಳ್ಳೆಯ ಬೆಲೆ ಬಂದು, ಎಲ್ಲರೂ ಕೋಸೇ ಹಾಕುತ್ತೇವೆಂದು ಹಟ ಹಿಡಿದರು. ಇವರ ಅಂಗಡಿಯ ಕೋಸಿನ ಬೀಜವೆಲ್ಲ ಖಾಲಿ. ಬೀಜದ ಕಂಪನಿಯವರು ಮೆಚ್ಚಿ, ಗಂಡ ಹೆಂಡತಿ ಇಬ್ಬರಿಗೂ ವಿಮಾನದ ಟಿಕೀಟು ಕೊಟ್ಟರು. ಕೊಯಮತ್ತೂರಿನಿಂದ ಮದರಾಸು, ಅಲ್ಲಿಂದ ಅಂಡಮಾನು. ಕೊಯಮತ್ತೂರಿನ ತನಕ ಹೋಗುವುದು ಮಾತ್ರ ನಮ್ಮ ಪಾಡು.

ನನಗೆ ವಿಮಾನವೂ ಬೇಕಿರಲಿಲ್ಲ, ಕಡಲೂ ಬೇಕಿರಲಿಲ್ಲ. ಬೇಕಿದ್ದುದು ಆ ಜೀಪು. ಸಿದ್ದಣ್ಣನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಾನೂ ಇವರೂ ಇಬ್ಬರೇ ಇರುವ ಅರ್ಧ ದಿನ.

ನಗಬೇಡಿ. ನಮ್ಮ ಮನೆಯ ಗೋಡೆಗಳು ಮಾಡಿನ ತನಕ ಹೋಗುವುದಿಲ್ಲ. ಅರ್ಧಕ್ಕೇ ನಿಲ್ಲುತ್ತವೆ, ಮೇಲೆಲ್ಲ ಬಯಲು. ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟರೆ ನಡುಮನೆಯಿಂದ "ಯಾಕಮ್ಮಿ?" ಎಂದು ಕೇಳುತ್ತಾರೆ. ಇಂಥ ಮನೆಯಲ್ಲಿ ಅತ್ತೆ, ಮಾವ, ಮೈದುನ, ಸದಾ ಬಂದು ಹೋಗುವ ನೆಂಟರ ನಡುವೆ ಗಂಡನ ಜೊತೆ ಏನು ತಾನೇ ಮಾತಾಡುವುದು? ಉಪ್ಪು ಮುಗಿದಿದೆ, ಎಮ್ಮೆ ಹಾಲು ಬತ್ತಿದೆ ಎಂಬ ಮಾತುಗಳೇ ನಮ್ಮ ದಾಂಪತ್ಯ.

ನನ್ನಲ್ಲಿ ಇವರಿಗೆ ಹೇಳಬೇಕಾದ ಒಂದು ಮಾತಿತ್ತು. ಹಿಂದಿನ ವರ್ಷ ನಮಗೊಂದು ಹೆಣ್ಣುಮಗು ಹುಟ್ಟಿ, ಹೆಸರಿಡುವ ದಿನ ಬರುವ ಮೊದಲೇ ಹೋಗಿಬಿಟ್ಟಿತ್ತು. ಹೊಲದ ಬದುವಿನ ಹೊಂಗೆಮರದ ಬುಡದಲ್ಲಿ ಮಲಗಿಸಿ ಬಂದರು. ಹೆಸರಿಡದ ಕೂಸಿನ ಸುದ್ದಿ ಮನೆಯಲ್ಲಿ ಎತ್ತಬಾರದು, ಎತ್ತಿದರೆ ಮುಂದಿನ ಕೂಸು ನಿಲ್ಲುವುದಿಲ್ಲ ಎಂದು ಹಿರಿಯರು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರಿಗೂ ಭಯ. ಇವರೂ ಆಮೇಲೆ ಒಂದು ದಿನವೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಬೇಗ ಎದ್ದು, ನೆಟ್ಟಗಿನ ದಾರಿ ಬಿಟ್ಟು ಹೊಲದ ಕಡೆಯಿಂದ ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಕದ್ದು ಬೀಡಿ ಸೇದಲು ಹೋಗುತ್ತಾರೆ ಎಂದುಕೊಂಡಿದ್ದೆ. ಮರೆತೇಬಿಟ್ಟರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ನಾನು ಮರೆತಿರಲಿಲ್ಲ. ಮಗು ಮೊಲೆ ಹಿಡಿದ ಮೊದಲ ದಿನವೇ ನಾನು ಅದಕ್ಕೊಂದು ಹೆಸರಿಟ್ಟುಬಿಟ್ಟಿದ್ದೆ. ಆ ಹೆಸರನ್ನು ಹೆತ್ತ ಅಪ್ಪನಿಗಾದರೂ ಹೇಳಬೇಕಿತ್ತು. ಅಷ್ಟಕ್ಕೆ ನನಗೊಂದು ಜಾಗ ಬೇಕಿತ್ತು.

ಹೊರಡುವ ದಿನ ಬೆಳಗಾಯಿತು. ಹೊಸ ಸೀರೆ ಉಟ್ಟು, ಹೂ ಮುಡಿದು ಜಗಲಿಗೆ ಬಂದು ನೋಡುತ್ತೇನೆ, ಜೀಪಿನ ಹಿಂಭಾಗ ಆಗಲೇ ಭರ್ತಿ. ಒಬ್ಬರ ತೊಡೆಯ ಮೇಲೆ ಹಲಸಿನ ಹಣ್ಣು, ಇನ್ನೊಬ್ಬರ ಕೈಯಲ್ಲಿ ಕಾಲು ಕಟ್ಟಿದ ಕೋಳಿ. ಸತ್ಯಮಂಗಲದ ಮಗಳ ಮನೆಗೆ ಹೋಗುವವರು, ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋಗುವವರು, ಎಲ್ಲಿಗೂ ಹೋಗಬೇಕಿಲ್ಲದೆ ಬರೀ ವಿಮಾನ ನೋಡಿ ಬರುವವರು. ನಡುವೆ ದೇವರ ಹಾಗೆ ನನ್ನ ಅತ್ತೆ, ಮಡಿಲಲ್ಲಿ ರಾಗಿರೊಟ್ಟಿಯ ಗಂಟು.

"ಇಬ್ರಿಗೇ ಅಂತ ಅಲ್ವಾ ಸಿದ್ದಣ್ಣ ಗೊತ್ ಮಾಡಿದ್ದು?" ಎಂದೆ.

"ಊ ಕಣವ್ವ, ನಿಮ್ಗೇಯ. ಆದ್ರೂವೆ ಕಾಲಿ ಗಾಡಿ ಘಾಟಿ ಇಳುದ್ರೆ ದೆವ್ವ ಅತ್ಕತದೆ. ಜಾಗ ಮಡಿಕಂಡು ದಾರೀಲಿ ನಿಂತಿರೋರ ಬುಟ್ಟೋಗದುಂಟಾ?"

ವೀಳ್ಯ ಕೊಟ್ಟರೆ ಗಾಡಿ ನಮ್ಮದು, ಸರಿ. ಆದರೆ ನಮ್ಮೂರಿನಲ್ಲಿ 'ನಮ್ಮದು' ಅಂದರೆ ಬೀದಿಯದ್ದು. ಇಷ್ಟು ವರ್ಷ ಈ ಊರಿನ ನೀರು ಕುಡಿದೂ ಇದು ಹೊಳೆಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು. ಜನ ಮರುಳೋ ಜಾತ್ರೆ ಮರುಳೋ ಎಂದು ಹಣೆ ಚಚ್ಚಿಕೊಂಡು ಹಿಂದೆ ಹತ್ತಲು ಹೋದೆ. ಅತ್ತೆ ತಡೆದರು.

"ನೀ ಮುಂದುಕ್ ಕುಂತ್ಕೊ ಓಗಮ್ಮಿ. ಘಾಟೀಲಿ ನಿಂಗೆ ವಾಂತಿ ಬತ್ತದೆ. ನೀನೂ ಅಲ್ಲೇ ಕುಂತ್ಕಳ್ಲಾ ಮಗ, ಅವ್ಳು ಬಿದ್ ಗಿದ್ದಾಳು."

ನನಗೆ ಜೀವಮಾನದಲ್ಲಿ ಗಾಡಿಯಲ್ಲಿ ವಾಂತಿ ಬಂದದ್ದಿಲ್ಲ. ಬಾಯಿ ತೆರೆದವಳು ಯಾಕೋ ಮುಚ್ಚಿಕೊಂಡೆ. ಒಬ್ಬರ ಸೀಟಿನಲ್ಲಿ ನಾವಿಬ್ಬರೂ ಒತ್ತಿಕೊಂಡು ಕೂತೆವು. ಹಿರಿಯರ ಎದುರಿಗೆ ಗಂಡನ ಪಕ್ಕ ಹಾಗೆ ಕೂತದ್ದು, ಮದುವೆಯ ಹಸೆಮಣೆ ಬಿಟ್ಟರೆ ಅದೇ ಮೊದಲು.

ಹಲಸಿನ ಹಣ್ಣಿನ ಒಡತಿ ಪಕ್ಕದ ಮನೆಯ ಕೆಂಪತ್ತೆ. ಅಂಡಮಾನು ಅಂದರೆ ಕೊಲೆ ಮಾಡಿದವರನ್ನು ಕಳಿಸುವ ಜಾಗ, ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ ಎಂದು ಅವಳ ಅಪ್ಪ ಹೇಳಿದ್ದನಂತೆ. ತಾಳವಾಡಿ ದಾಟುವ ಹೊತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಳ್ಳಲು ಶುರುಮಾಡಿದಳು.

"ಅಯ್ಯೋ ನನ್ ಮಗಳೇ, ಯಾನ ತಪ್ಪು ಮಾಡುದ್ನವ್ವಾ ನಿನ್ ಗಂಡ? ಕೋಸಿನ್ ಬೀಜ ಮೊಳೀನಿಲ್ಲ ಅಂತ ಯಾರಾರ ಪೊಲೀಸ್ಗೆ ಯೋಳುದ್ರಾ?"

"ಸುಮ್ಕಿರು ಕೆಂಪಿ, ಅದು ಬವುಮಾನ" ಎಂದು ಅತ್ತೆ ಗದರಿದರು.

"ಬವುಮಾನ ಕೊಡೋರು ಒಂದ್ ತಪ್ಲೆ ಕೊಡ್ತರೆ, ಪಾತ್ರ ಕೊಡ್ತರೆ. ಜೈಲ್ಗೆ ಯಾಕ್ ಕಳಿಸ್ತರು?" ಕೆಂಪತ್ತೆ ಒಪ್ಪಲಿಲ್ಲ.

ಹಾಸನೂರಿನ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಜೀಪಿನೊಳಗೆ ತಲೆ ತೂರಿಸಿ "ಎಂಗೆ ಪೋರೀಂಗ?" ಎಂದ, ಎಲ್ಲಿಗೆ ಹೋಗುತ್ತೀರಿ ಅಂತ. "ಅಂದಮಾನ್ ಸಾರ್" ಎಂದ ಸಿದ್ದಣ್ಣ, ಸೊಂಟ ನೆಟ್ಟಗೆ ಮಾಡಿಕೊಂಡು. ಪೊಲೀಸಿನವನು ಹಲಸಿನ ಹಣ್ಣನ್ನೂ ಕೋಳಿಯನ್ನೂ ಅಳುವ ಕೆಂಪತ್ತೆಯನ್ನೂ ಒಂದೊಂದಾಗಿ ನೋಡಿ, "ಎಲ್ಲಾರುಮಾ?" ಎಂದು ಕೇಳಿ ಗೇಟು ಎತ್ತಿದ.

ದಿಂಬದಿಂದ ಘಾಟಿ ಇಳಿಯತೊಡಗಿದೆವು. ಗೇರಿನ ಗೊರಗೊರ, ಕೋಳಿಯ ಕೊಕ್ಕೊ, ಹಿಂದಿನವರ ಹರಟೆ. ಒಂದು ತಿರುವಿನಲ್ಲಿ ನಾನು ಇವರ ಮೇಲೆ ವಾಲಿದೆ. ವಾಲಿದವಳು ಹಾಗೇ ಕಿವಿಯ ಹತ್ತಿರ ಬಾಯಿಟ್ಟು, "ಒಂದ್ ಮಾತ್ ಯೋಳ್ಬೇಕಿತ್ತು" ಎಂದೆ. "ಯೋಳು" ಎಂದರು. "ಆ ಮಗೀಗೆ ನಾನು..." ಎನ್ನುವಷ್ಟರಲ್ಲಿ ಜೀಪು ನಿಂತಿತು. ಕೆಳಗಿನ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡಿತ್ತು. ಸಿದ್ದಣ್ಣ ಇಂಜಿನ್ನು ಆರಿಸಿ ಕೆಳಗಿಳಿದು ಹೋದ.

ಒಂದೇ ಸಲಕ್ಕೆ ಕಾಡಿನ ಮೌನ. ಹಿಂದೆ ಹರಟೆ ನಿಂತಿತ್ತು, ಕೋಳಿ ಕೂಡ ಸುಮ್ಮನಾಗಿತ್ತು. 'ಮಗೀಗೆ' ಎಂಬ ನನ್ನ ಮಾತು ಎಲ್ಲರ ಕಿವಿಗೂ ಬಿದ್ದಿತ್ತೆಂದು ನನ್ನ ಬೆನ್ನಿಗೇ ಗೊತ್ತಾಯಿತು. ಇಲ್ಲೂ ಆಗಲಿಲ್ಲವಲ್ಲ ದೇವರೇ, ಇನ್ನೆಲ್ಲಿ ಎಂದು ಕಣ್ಣು ತುಂಬಿ ಬಂತು.

ಆಗ ಹಿಂದಿನಿಂದ ಅತ್ತೆ ಸೋಬಾನೆ ಎತ್ತಿದರು. ಮದುವೆಮನೆಯಲ್ಲಿ ಕಾಲು ಹಿಡಿದು ಕರೆದರೂ ಬಾಯಿಬಿಡದ ಹೆಂಗಸು, ಆ ನಡುಗಾಡಿನಲ್ಲಿ ಗಂಟಲು ಕಿತ್ತುಹೋಗುವಂತೆ ಹಾಡಿದರು. ದನಿ ಒಡಕಲು, ರಾಗ ಒಂದು ಕಡೆ, ಮಾತು ಒಂದು ಕಡೆ. "ಕಯ್ಯಿ ತಟ್ರೇ, ಯಾನ ಗೊಂಬ್ಯಂಗೆ ಕುಂತಿದ್ದರಿ" ಎಂದು ನಡುವೆ ಗದರಿದರು. ಎಲ್ಲರೂ ಕೈ ತಟ್ಟಿ ಸೊಲ್ಲಿಗೆ ಸೊಲ್ಲು ಸೇರಿಸಿದರು. ಕೆಂಪತ್ತೆ ಅಳುತ್ತಲೇ ಹಾಡಿದಳು.

ಆ ಗದ್ದಲದಲ್ಲಿ ನಾನು ಇವರ ಬಲಗಿವಿಯಲ್ಲಿ, "ಆ ಮಗೀಗೆ ನಾನೊಂದ್ ಎಸ್ರು ಮಡಗಿದ್ದೆ" ಎಂದೆ.

ಇವರು ಗಾಜಿನಾಚೆ ನೋಡುತ್ತಲೇ ಇದ್ದರು. "ಯಾನಂತ?"

"ಸೇವಂತಿ ಅಂತ."

ಕೆಳಗೆ ಲಾರಿ ಅಲ್ಲಾಡಿತು. ಇವರು ನನ್ನ ಕಿವಿಗೆ ಬಾಗಿ ಹೇಳಿದರು: "ನಾನು ಅಂಗಡೀಗೆ ಸುತ್ತಾಕಂಡು ಓಗದು ಯಾಕಂದ್ಕಂಡಿದ್ದೀಯ? ಆ ಒಂಗೆಮರದ ತಾವು ಒಸಿ ಒತ್ತು ನಿಂತ್ಕಂಡು ಓಯ್ತೀನಿ. ಎಸ್ರು ಗೊತ್ತಿರ್ನಿಲ್ಲ. ಯಾನಂತ ಕೂಗದು?"

ಅಯ್ಯೋ ನನ್ನ ಗಂಡನೇ ಎಂದು ನನ್ನ ಎದೆ ಒಡೆದುಹೋಯಿತು. ಇಬ್ಬರೂ ಅತ್ತೆವು. ಘಾಟಿ ಮುಗಿಯುವ ತನಕ ಅತ್ತೆವು. ಅಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ, ಬೇರೆ ಬೇರೆಯಾಗಿ ಅತ್ತದ್ದನ್ನು ಅಲ್ಲಿ ಒಟ್ಟಿಗೆ ಅತ್ತು ಮುಗಿಸಿದೆವು. ಘಾಟಿಯ ಬುಡದ ಬಣ್ಣಾರಿ ಬರುವ ತನಕ ಅತ್ತೆ ಹಾಡು ನಿಲ್ಲಿಸಲಿಲ್ಲ.

ಅಂಡಮಾನಿನ ಕಥೆ ಏನು ಹೇಳಲಿ? ನಿಲ್ದಾಣದ ಬಾಗಿಲಲ್ಲಿ ಬಿಳಿ ಬಟ್ಟೆಯ ಡ್ರೈವರು ಇವರ ಹೆಸರಿನ ಬೋರ್ಡು ಹಿಡಿದು ನಿಂತಿದ್ದ. ಸಮುದ್ರ ಕಂಡದ್ದಕ್ಕಿಂತ ಹೆಚ್ಚಾಗಿ ಇವರು ಅದನ್ನು ಕಂಡು ಹಿಗ್ಗಿದರು. ಕಾರಿನಲ್ಲಿ ನಾವಿಬ್ಬರೇ. ಗಾಜು ಏರಿಸಿ, ತಣ್ಣನೆ ಗಾಳಿ ಬಿಟ್ಟು, ಸದ್ದೇ ಇಲ್ಲದೆ ಕಾರು ಹೋಯಿತು. ಅಷ್ಟು ಹಂಬಲಿಸಿದ ಏಕಾಂತ ಕೈಗೆ ಬಂದಿತ್ತು. ಒಬ್ಬರೂ ಪಿಟ್ಟೆನ್ನಲಿಲ್ಲ. ಉಸಿರು ಬಿಟ್ಟರೂ ಡ್ರೈವರಿಗೆ ಕೇಳಿಸುತ್ತದೆ ಎಂದು, ತಾಸಿಲ್ದಾರರ ಕಚೇರಿಯಲ್ಲಿ ಕೂತವರಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದೆವು. ಇಳಿಯುವಾಗ ಇವರು ಆ ಬೋರ್ಡು ಕೇಳಿ ಪಡೆದರು. ಅಂಗಡಿಯಲ್ಲಿ ಬೀಜದ ಪೊಟ್ಟಣಗಳ ಮೇಲೆ, ಗೆದ್ದಲು ತಿನ್ನುವ ತನಕ, ಅದು ತೂಗುತ್ತಿತ್ತು.

ಊರಿಗೆ ಬಂದಾಗ ಅತ್ತೆ ಈ ಜಗಲಿಯಲ್ಲೇ ಕೂತಿದ್ದರು. "ಕಡ್ಲು ನೋಡುದ್ರಾ?" ಎಂದರು. ನೋಡಿದೆವು ಎಂದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ, "ಮಾತಾಡ್ಕಂಡ್ರಾ?" ಎಂದರು. ನಾನು ಹೂಂ ಎಂದೆ. ಅತ್ತೆ ತಲೆಯಾಡಿಸಿ ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದರು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಮೇಲೆ ಮಗ ಹುಟ್ಟಿದ. ಗಟ್ಟಿಯಾಗಿಯೇ ನಿಂತ. ಈಗ ಬೀಜದ ಅಂಗಡಿ ಅವನದೇ. ಅತ್ತೆ ಹೋದರು, ಕೆಂಪತ್ತೆಯೂ ಹೋದಳು. ಸಿದ್ದಣ್ಣನ ಜೀಪು ಅವನ ಹಿತ್ತಿಲಲ್ಲಿ ಕೋಳಿಗೂಡಾಗಿದೆ. ಅಂಗಡಿ ಕೊಟ್ಟು ಕೈ ಖಾಲಿಯಾದ ಮೇಲೆ ಇವರಿಗೆ ಇನ್ನೊಂದು ಸಲ ಕಡಲು ನೋಡುವ ಆಸೆ ಬಂದಿದೆ. ಬಲಗಿವಿ ಮಾತ್ರ ಪೂರ್ತಿ ಹೋಗಿದೆ. ಎಡಗಿವಿಗೂ ಕೂಗಿಯೇ ಹೇಳಬೇಕು. ನಮ್ಮ ಗುಟ್ಟುಗಳೆಲ್ಲ ಈಗ ಬೀದಿಗೇ ಗೊತ್ತು.

ಮೊಬೈಲಿನ ಪ್ರಶ್ನೆಯನ್ನು ಇವರಿಗೆ ಕೂಗಿದೆ: "ಬೋರ್ಡ್ ಮೇಲೆ ಯಾರ್ ಎಸ್ರು ಬರೀಲಿ?"

ಬೀಜದ ಅವರೆ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. ಯೋಚನೆ ಮಾಡಿದಂತೆಯೂ ಕಾಣಲಿಲ್ಲ.

"ಸೇವಂತಿ ಅಂತ ಬರಿ" ಎಂದರು.

ಕಿವುಡರ ದನಿ ದೊಡ್ಡದು. ನಮ್ಮ ಮನೆಯ ಗೋಡೆಗಳು ಈಗಲೂ ಮಾಡಿನ ತನಕ ಹೋಗುವುದಿಲ್ಲ. ಆ ಹೆಸರು ನಡುಮನೆ, ಅಡುಗೆಮನೆ, ಅತ್ತೆ ಮಲಗುತ್ತಿದ್ದ ಕೋಣೆ ಎಲ್ಲ ಸುತ್ತಿತು. ಒಳಗಿದ್ದ ಸೊಸೆ "ಯಾರತ್ತೆ ಅದು, ಸೇವಂತಿ?" ಎಂದು ಕೇಳಿದಳು.

"ಬಾರಮ್ಮಿ, ಯೋಳ್ತೀನಿ" ಎಂದೆ.

ಒಂದೊಂದೇ ಅಕ್ಷರ ಒತ್ತಿದೆ. ಯಾವ ರೇಷನ್ ಕಾರ್ಡಿನಲ್ಲೂ ಇಲ್ಲದ, ಯಾವ ತೊಟ್ಟಿಲಿನ ಮೇಲೂ ಕೂಗದ ಹೆಸರು ಅದು. ಅಷ್ಟು ದೂರದ ದ್ವೀಪದಲ್ಲಿ, ನಮ್ಮ ಗುರುತೇ ಇಲ್ಲದವನೊಬ್ಬ ಅದನ್ನು ಎತ್ತಿ ಹಿಡಿದು, ಬಂದವರೆಲ್ಲರಿಗೂ ಕಾಣುವಂತೆ ನಿಂತಿರುತ್ತಾನೆ. ನಾವಿಬ್ಬರೂ ಹತ್ತಿರ ಹೋಗಿ, ನಮ್ಮವಳೇ ಎನ್ನುತ್ತೇವೆ.