ದರ್ಜಿಯ ಹದಿನಾರೂವರೆ ಲಕ್ಷ ಇಂಚು

ನಮ್ಮ ಬೀದಿಯ ದರ್ಜಿ ಸುಳ್ಳುಗಾರ. ಕೆಟ್ಟ ಮನುಷ್ಯನಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನಲ್ಲ. ಕೊಡುವ ಉದ್ದೇಶವಾದರೂ ಇತ್ತೆಂದು ಮೂವತ್ತು ವರ್ಷಗಳಿಂದ ಅವನನ್ನು ಬಲ್ಲ ನಾನು ಹೇಳಲಾರೆ. "ನಾಳೆ ಬನ್ನಿ" ಎನ್ನುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಗಿರಾಕಿ ಬರುವುದು ಕಂಡರೆ ಪರದೆಯ ಹಿಂದೆ ಸರಿದು, ಹೊಲಿಗೆ ಯಂತ್ರ ತುಳಿದು ಸದ್ದು ಮಾಡುತ್ತಾನೆ. ಎಷ್ಟೋ ಸಲ ಅದರಲ್ಲಿ ಬಟ್ಟೆಯೇ ಇರುವುದಿಲ್ಲ.

ಮ್ಯಾರಥಾನ್ ಓಟಕ್ಕೆ ಅವನು ಇಳಿದದ್ದೂ ಒಂದು ಸುಳ್ಳಿನಿಂದಲೇ. ಅವನ ಹೆಂಡತಿ ನಡೆಯಲಾಗದ ಮಕ್ಕಳ ಶಾಲೆಯಲ್ಲಿ ಆಯಾ. ಶಾಲೆಯ ವ್ಯಾನು ಕೆಟ್ಟು ಮೂಲೆಗೆ ಬಿದ್ದು, ಹದಿನೆಂಟು ಮಕ್ಕಳು ಮನೆಯಲ್ಲೇ ಕೂತಿದ್ದರು. ಹೊಸ ವ್ಯಾನಿಗಾಗಿ ಕರೆದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಇವನನ್ನು ಕಂಡವರೇ, "ಮಕ್ಕಳ ಯೂನಿಫಾರ್ಮ್ ಎಲ್ರೀ? ನಾಲ್ಕು ತಿಂಗಳಾಯ್ತು," ಎಂದರು. ಅಲ್ಲಿ ಪರದೆ ಇರಲಿಲ್ಲ. ಗೋಡೆಯ ಮೇಲೆ ಊರಿನ ಮ್ಯಾರಥಾನಿನ ಪೋಸ್ಟರ್ ಇತ್ತು.

"ಪುರುಸೊತ್ತೇ ಇಲ್ಲ ಮೇಡಂ. ವ್ಯಾನಿಗೆ ದುಡ್ಡು ಎತ್ತೋಣ ಅಂತ ಮ್ಯಾರಥಾನ್ ಓಡೋಕೆ ತಯಾರಿ ಮಾಡ್ತಿದ್ದೀನಿ."

ಸಭೆ ಚಪ್ಪಾಳೆ ತಟ್ಟಿತು. ಹೆಂಡತಿ ತಟ್ಟಲಿಲ್ಲ. "ಬಸ್ಸು ಹಿಡಿಯೋಕೂ ಓಡದ ಮನುಷ್ಯ!" ಎಂದಳು. ಆದರೆ ಮರುದಿನ ಅವಳೇ ಚಂದಾ ಪಟ್ಟಿ ಹಿಡಿದು ಮನೆಮನೆ ಸುತ್ತಿದಳು. ಬಟ್ಟೆಗೆ ಕಾದು ಬೇಸತ್ತವರೆಲ್ಲ ಧಾರಾಳವಾಗಿ ಮೊತ್ತ ಬರೆದರು. ಶರತ್ತು ಒಂದೇ: ಮಧ್ಯಾಹ್ನ ಹನ್ನೆರಡಕ್ಕೆ ಗೇಟು ಮುಚ್ಚುವುದರೊಳಗೆ ಅವನು ಗುರಿ ಮುಟ್ಟಬೇಕು. ಹೇಳಿದ ಹೊತ್ತಿಗೆ ಏನನ್ನೂ ಮುಗಿಸದವನ ಹೆಸರಿನಲ್ಲಿ ಎಷ್ಟು ಬರೆದರೇನು ಎಂಬ ಧೈರ್ಯ. ನಾನೂ ಬರೆದೆ.

"ಅಮ್ಮಾ, ನಲವತ್ತೆರಡು ಕಿಲೋಮೀಟರು ಅಂದ್ರೆ ಎಷ್ಟಾಗುತ್ತೆ?" ಎಂದು ಒಂದು ದಿನ ನನ್ನನ್ನು ಕೇಳಿದ. ಇಂಚು ಬಿಟ್ಟು ಬೇರೆ ಅಳತೆ ಅವನ ತಲೆಗೆ ಹತ್ತದು. ಲೆಕ್ಕ ಹಾಕಿ, ಹದಿನಾರೂವರೆ ಲಕ್ಷ ಇಂಚು ಎಂದೆ.

ಅವನು ತುಸು ಯೋಚಿಸಿದ. "ಅದ್ರಲ್ಲಿ ಅಂಚು ಮಡಚಿ ಹೊಲಿಯೋಕೆ ಅಂತ ಎಷ್ಟು ಬಿಟ್ಟಿದ್ದಾರೆ?"

ಮೊದಲ ವಾರ ಉದ್ಯಾನದ ಮೊದಲ ಬೆಂಚಿನ ತನಕ ಓಡಿ, ಅಲ್ಲೇ ನಿದ್ದೆ ಹೊಡೆದು, ಒಂಬತ್ತಕ್ಕೆ ಮನೆಗೆ ಬರುತ್ತಿದ್ದ. ಹೆಂಡತಿ ಪತ್ತೆ ಹಚ್ಚಿದಳು. ಬಯ್ಯಲಿಲ್ಲ. ಬೆಳಗ್ಗೆ ಆರಕ್ಕೆ ಅವನು ಎಲ್ಲಿ ಸಿಗುತ್ತಾನೆಂದು ಗಿರಾಕಿಗಳಿಗೆ ತಿಳಿಸಿದಳು, ಅಷ್ಟೇ.

ಮರುದಿನ ಹಲ್ಲಿನ ಡಾಕ್ಟರಮ್ಮ ಪೊದೆಯ ಹಿಂದಿನಿಂದ ಎದ್ದು ಬಂದರು. "ನಿಲ್ರೀ! ನನ್ನ ಕೋಟು ಎಲ್ಲಿ?"

"ಒಂದೇ ಒಂದು ಗುಂಡಿ ಬಾಕಿ, ಡಾಕ್ಟರಮ್ಮ!" ಎಂದು ಅವನು ಓಟ ಕಿತ್ತ.

"ಹೋದ ವರ್ಷಾನೂ ಅದೇ ಗುಂಡಿ ಕಣ್ರೀ!"

ಡಾಕ್ಟರಮ್ಮ ಸುಸ್ತಾಗುವ ತಿರುವಿನಲ್ಲಿ ಅಂಚೆಯವನು ತನ್ನ ಪ್ಯಾಂಟಿಗಾಗಿ ಸೈಕಲ್ ಹಿಡಿದು ಕಾಯುತ್ತಿದ್ದ. ಐದು ತಿಂಗಳಲ್ಲಿ ದರ್ಜಿಯ ಹೊಟ್ಟೆ ಕರಗಿತು. ತನ್ನದೇ ಪ್ಯಾಂಟನ್ನು ಬಿಗಿ ಮಾಡಿಕೊಳ್ಳುವುದನ್ನು ನಾಳೆ ನಾಳೆ ಎಂದು ಮುಂದೂಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಓಡಿದ. ದಾರ ಪೋಣಿಸಿದ ಸೂಜಿಯನ್ನು ಮಾತ್ರ ಕಾಲರಿನಿಂದ ತೆಗೆಯಲಿಲ್ಲ. ಓಡುವಾಗ ಚುಚ್ಚೀತು ಎಂದರೆ, "ಅದಿಲ್ದಿದ್ರೆ ಮೈಮೇಲೆ ಬಟ್ಟೇನೇ ಇಲ್ಲ ಅನ್ಸುತ್ತೆ" ಎನ್ನುತ್ತಿದ್ದ.

ಓಟದ ದಿನ ನಾವೆಲ್ಲ ಕೊನೆಯ ತಿರುವಿನಲ್ಲಿ ನಿಂತಿದ್ದೆವು. ಹನ್ನೆರಡಕ್ಕೆ ಒಂಬತ್ತು ನಿಮಿಷವಿರುವಾಗ ಅವನು ಕಾಣಿಸಿಕೊಂಡ. ಗೇಟಿಗೆ ಇನ್ನು ಇನ್ನೂರೇ ಹೆಜ್ಜೆ.

"ಓಡ್ರೀ! ಹಿಂದೆ ಡಾಕ್ಟರಮ್ಮ ಇದ್ದಾರೆ ಅಂದ್ಕೊಳ್ಳಿ!" ಎಂದು ಹೆಂಡತಿ ಕಿರುಚಿದಳು.

ದಾರಿಯ ಬದಿಯಲ್ಲಿ ಯಾರೋ ಅಪರಿಚಿತ ಮುದುಕರು ನಿಂತಿದ್ದರು. ಎದೆಯ ಮೇಲೆ ಓಟಗಾರರ ನಂಬರು. ಚಡ್ಡಿಯ ಸೊಂಟಪಟ್ಟಿ ಕಿತ್ತುಹೋಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಹೋಗಲಾರದೆ ನೆಲ ನೋಡುತ್ತಿದ್ದರು. ದರ್ಜಿ ಅವರನ್ನು ದಾಟಿ ಹತ್ತು ಹೆಜ್ಜೆ ಹೋದ. ನಿಂತ. ಹಿಂದಕ್ಕೆ ಬಂದು ಮಂಡಿಯೂರಿ, ಕಾಲರಿನಿಂದ ಸೂಜಿ ತೆಗೆದ.

"ಬಿಡಪ್ಪಾ, ನಾಳೆ ಹೊಲಿ!" ಎಂದು ಇಡೀ ಗುಂಪು ಕೂಗಿತು. ಅದರಲ್ಲಿ ನನ್ನ ದನಿಯೂ ಇತ್ತು.

ಅವನು ತಲೆ ಎತ್ತಲಿಲ್ಲ. "ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ ಯಜಮಾನ್ರೇ, ಚುಚ್ಚೀತು. ಇದು ನಾಳೆಗೆ ಬಿಡೋ ಕೆಲಸ ಅಲ್ಲ."

"ಮೂರೇ ನಿಮಿಷ!" ಎಂದಳು ಹೆಂಡತಿ. ಅವನು ಇನ್ನೊಂದು ಸುತ್ತು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದ. ಇಬ್ಬರೂ ಗೇಟಿನತ್ತ ಓಡಿದರು, ದಾರಿಯ ಬದಿಯಲ್ಲಿ ನಾವೂ.

ಕಾವಲುಗಾರ ಗೇಟಿಗೆ ಕೈ ಹಾಕಿದಾಗ ಮುದುಕರನ್ನು ಮುಂದೆ ತಳ್ಳಿ, ಹಿಂದಿನಿಂದ ತಾನು ನುಗ್ಗಿದ. ದೊಡ್ಡ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಇತ್ತು. ಹೆಂಡತಿ ಪಟ್ಟಿಯನ್ನು ನಮ್ಮ ಮುಖದೆದುರು ಆಡಿಸುತ್ತಿದ್ದಳು.

ದರ್ಜಿ ಅದನ್ನು ನೋಡಲಿಲ್ಲ. ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು, ಮುದುಕರ ಸೊಂಟಪಟ್ಟಿಯನ್ನು ಇನ್ನೊಮ್ಮೆ ಜಗ್ಗಿ ನೋಡಿ, ಆಮೇಲಷ್ಟೇ ನೆಲಕ್ಕೆ ಬಿದ್ದ.