ಮೊದಲ ದಿನ ಹೇಳಬೇಕಾದ ತಪ್ಪು

ಸರ್ಕಾರದ ಕಾಗದದಲ್ಲಿ ನಮ್ಮ ಯೋಜನೆಗೆ ಗಜ ಉದ್ದದ ಒಂದು ಇಂಗ್ಲಿಷ್ ಹೆಸರಿತ್ತು. ಅದನ್ನು ಒಂದೇ ಉಸಿರಿಗೆ ಹೇಳುವುದು ನಮ್ಮ ಸಿವಿಲ್ ಸರ್ಜನ್ ಸಾಹೇಬರಿಗೂ ಆಗುತ್ತಿರಲಿಲ್ಲ. ನಾವು ನರ್ಸುಗಳು ಅದಕ್ಕೆ ‘ಜೋಡಿ’ ಎನ್ನುತ್ತಿದ್ದೆವು. ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯನ್ನು ಆರು ತಿಂಗಳು ಒಬ್ಬ ಹಿರಿಯ ಸಿಸ್ಟರ್ ಜೊತೆಗೆ ಬಿಡುವುದು, ಇಬ್ಬರಿಗೂ ಒಂದೇ ವಾರ್ಡು, ಒಂದೇ ಪಾಳಿ. ಇಷ್ಟೇ. ಇಷ್ಟಕ್ಕೆ ಒಪ್ಪಿಗೆ ಪಡೆಯಲು ನಾನು ವರ್ಷಗಟ್ಟಲೆ ಆಫೀಸಿನ ಬಾಗಿಲು ಕಾದೆ. “ಟ್ರೇನಿಂಗ್ ಮುಗಿಸಿ ಬಂದವರಿಗೆ ಮತ್ತೆಂಥ ಟ್ರೇನಿಂಗ್, ಸಿಸ್ಟರ್ ಬಾಯಿ?” ಎಂದು ಹೆಡ್ ಕ್ಲರ್ಕು ಹೋದಾಗಲೆಲ್ಲ ಕೇಳುತ್ತಿದ್ದರು. ಮದುವೆ ಮುಗಿದ ಮೇಲೆ ತಾನೇ ಸಂಸಾರ ಕಲಿಯುವುದು ಎಂದು ನಾನೂ ಹೋದಾಗಲೆಲ್ಲ ಅದೇ ಉತ್ತರ ಕೊಡುತ್ತಿದ್ದೆ.

ಎಪ್ಪತ್ತರ ದಶಕದ ಶುರುವಿನ ಮಾತು. ಊರು ಔರಂಗಾಬಾದ್. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ನಾನು ಬೀದರ್ ಕಡೆಯವಳು, ಮದುವೆಯಾಗಿ ನಾಸಿಕ್ ರೋಡ್ ಎಂಬ ಊರಿಗೆ ಬಂದವಳು. ಅರವತ್ತರ ದಶಕದ ಶುರುವಿಗೆ ನಾಸಿಕ್‌ನಲ್ಲಿ ನೌಕರಿ ಸಿಕ್ಕಿದಾಗ ಮೊದಲ ವಾರವೇ ನನ್ನೊಬ್ಬಳ ತಲೆಗೆ ಇಡೀ ವಾರ್ಡು ಕಟ್ಟಿದ್ದರು. ಆಕ್ಸಿಜನ್ ಸಿಲಿಂಡರಿನ ಚಾವಿ ಯಾರ ಹತ್ತಿರ ಇರುತ್ತದೆ ಎಂದು ಕೂಡ ಹೇಳಿದವರಿರಲಿಲ್ಲ. ಕೇಳಿದರೆ “ಇಷ್ಟೂ ಗೊತ್ತಿಲ್ಲವೇ?” ಎಂಬ ನಗು. ಹಾಸಿಗೆಬಟ್ಟೆ ಇಡುವ ಕೋಣೆಯಲ್ಲಿ ಹೋಗಿ ಅತ್ತು, ಮುಖ ತೊಳೆದು, ಮತ್ತೆ ವಾರ್ಡಿಗೆ ಬರುತ್ತಿದ್ದೆ. ನಾಲ್ಕೈದು ವರ್ಷದ ಮೇಲೆ ಹುಡುಗಿಯರಿಗೆ ಪಾಠ ಹೇಳುವ ಸಿಸ್ಟರ್ ಆಗಿ ಔರಂಗಾಬಾದಿಗೆ ವರ್ಗವಾಯಿತು. ಅಲ್ಲಿಯೂ ಅದೇ ಕೋಣೆ, ಅದೇ ಅಳು, ಹುಡುಗಿಯರು ಮಾತ್ರ ಬೇರೆ. ಅಲ್ಲಿಯೇ ಹತ್ತಿರದ ಕನ್ನಡ್ ಎಂಬ ತಾಲೂಕಿನಿಂದ ಬಂದ ಒಬ್ಬಳಂತೂ ಪಾಳಿಯ ನಡುವೆಯೇ ಯೂನಿಫಾರ್ಮಿನಲ್ಲಿ ಎಸ್.ಟಿ. ಬಸ್ಸು ಹತ್ತಿ ಊರಿಗೆ ಹೋದಳು. ಮತ್ತೆ ಬರಲಿಲ್ಲ. ಆಗ ಸಾಹೇಬರು ಕಣ್ಣು ಬಿಟ್ಟರು, ನಮಗೆ ಜೋಡಿ ಸಿಕ್ಕಿತು.

ಜೋಡಿಯ ಕೆಲಸದಲ್ಲಿ ನನಗೆ ಬಲಗೈಯಾಗಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕಲಬುರಗಿಯವರು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಉರ್ದುವಿನಲ್ಲಿ ನರ್ಸಿಂಗ್ ಕಲಿತವರು. ರಾಜ್ಯಗಳನ್ನು ಹಂಚಿದಾಗ ಅವರ ನೌಕರಿ ಮಹಾರಾಷ್ಟ್ರದ ಪಾಲಿಗೆ ಬಂತು, ಅವರೂ ಅದರ ಹಿಂದೆ ಉಳಿದರು. ಗಂಡನಿಲ್ಲ, ಮಕ್ಕಳಿಲ್ಲ. ಹಾಸಿಗೆಯ ಮೂಲೆ ಸರಿಯಾಗಿ ಮಡಚಿಲ್ಲದಿದ್ದರೆ ಮಲಗಿದ ರೋಗಿಯನ್ನೇ ಎಬ್ಬಿಸಿ ಕೂರಿಸುವಂಥ ಜೋರು. ಆದರೆ ರೋಗಿಗಳು ಮನೆಗೆ ಹೋಗುವಾಗ ಡಾಕ್ಟರಿಗೆ ನಮಸ್ಕಾರ ಮಾಡಿ ಅಕ್ಕನ ಕಾಲಿಗೆ ಬೀಳುತ್ತಿದ್ದರು.

ಒಂದು ನಿಯಮ ಅಕ್ಕನದೇ. ಜೋಡಿ ಕಟ್ಟಿದ ಮೊದಲ ದಿನ ಹಿರಿಯಳು ತಾನು ಮಾಡಿದ ಒಂದು ದೊಡ್ಡ ತಪ್ಪನ್ನು ಹೊಸಬಳಿಗೆ ಹೇಳಬೇಕು. ನಾನು ಹೌಹಾರಿದೆ. ಮೊದಲ ದಿನವೇ ಮರ್ಯಾದೆ ಕಳಕೊಂಡರೆ ಆಮೇಲೆ ಮಾತು ಕೇಳುತ್ತಾರೆಯೇ?

“ನಾವು ತಪ್ಪೇ ಮಾಡಂಗಿಲ್ಲ ಅಂತ ಆ ಹುಡುಗಿ ತಿಳಕೊಂಡ್ರ, ನಾಳಿ ತಾ ಮಾಡಿದ ತಪ್ಪು ಮುಚ್ಚಿಡ್ತಾಳ್ರಿ” ಎಂದರು ಅಕ್ಕ. “ಮುಚ್ಚಿಟ್ರ ರೋಗಿ ಸಾಯ್ತಾನ. ಹೇಳಿಕೊಂಡ್ರ ನಮ್ಮ ಮಾನ ಒಂದೀಟು ಹೋಗ್ತದ, ಅಷ್ಟೇ.”

ನಿಯಮ ಗೆದ್ದಿತು. ಹಿರಿಯರಲ್ಲಿ ಕೆಲವರು ಗೊಣಗಿದರು, ಕೆಲವರು ಸೂಜಿ ಮುರಿದ ಕತೆಯನ್ನೋ ಔಷಧಿ ಶೀಶೆ ಒಡೆದ ಕತೆಯನ್ನೋ ಹೇಳಿ ತಪ್ಪಿಸಿಕೊಂಡರು. ಅಕ್ಕ ಮಾತ್ರ ತಮ್ಮ ಜೋಡಿಗಷ್ಟೇ ಅಲ್ಲ, ತಂಡದ ಪ್ರತಿ ಹುಡುಗಿಗೂ ತಮ್ಮ ನಿಜವಾದ ತಪ್ಪನ್ನೇ ಹೇಳುತ್ತಿದ್ದರು. ಕೇಳಿದ ಹುಡುಗಿಯರು ಬದಲಾಗುತ್ತಿದ್ದರು, ಅದು ನಾನು ಕಂಡ ಸತ್ಯ. ಡೋಸು ಹೆಚ್ಚಾಯಿತೇನೋ ಎಂದು ನಡುಗುತ್ತ ಓಡಿಬಂದು ಹೇಳುವ ಹುಡುಗಿಯರನ್ನು ನಮ್ಮ ಆಸ್ಪತ್ರೆ ಅದಕ್ಕೂ ಮೊದಲು ಕಂಡಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ನಾಸಿಕ್‌ಗೆ ಹೋದಾಗಲೆಲ್ಲ ಗಂಡನ ಮುಂದೆ ಇದೇ ಪುರಾಣ. ಅವರು ಪೇಪರಿನಿಂದ ಮುಖ ಎತ್ತದೆ ಹೂಂಗುಟ್ಟುತ್ತಿದ್ದರು.

ಮೂರನೆಯ ತಂಡದಲ್ಲಿ ಗಂಗಾಪುರದ ಕಡೆಯ ಒಬ್ಬ ಹುಡುಗಿ ಬಂದಳು. ನಾಸಿಕ್‌ನಲ್ಲಿ ಕಲಿತವಳು, ಮೂಲ ನಮ್ಮ ಬೀದರಿನದು. ತಾತನ ಕಾಲದಲ್ಲಿ ಕಿರಾಣಿ ಅಂಗಡಿ ಇಡಲು ಗಂಗಾಪುರದ ಕಡೆ ಬಂದು ಅಲ್ಲಿಯೇ ನಿಂತ ಮನೆತನ. ಅವಳ ಕನ್ನಡದಲ್ಲಿ ಮರಾಠಿಯೇ ಅರ್ಧ. ಆದರೂ ಕನ್ನಡದವಳು ಸಿಕ್ಕಳೆಂದು ಅಕ್ಕನಿಗೆ ಖುಷಿಯಾಗಿ, ತಾವೇ ಕೇಳಿ ಅವಳನ್ನು ಜೋಡಿ ಮಾಡಿಕೊಂಡರು. ಮೊದಲ ದಿನ ಹಾಸಿಗೆಬಟ್ಟೆಯ ಕೋಣೆಯಲ್ಲಿ ಮೂವರೂ ಕೂತೆವು. ಅಕ್ಕ ಹೇಳತೊಡಗಿದರು.

ನಿಜಾಮರ ಆಳ್ವಿಕೆ ಮುಗಿದ ಹೊಸತು. ಅಕ್ಕ ಆಗ ಹಳ್ಳಿಯೊಂದರ ಸಣ್ಣ ದವಾಖಾನೆಯಲ್ಲಿ ಹೊಸ ನರ್ಸು. ಚಳಿಗಾಲದಲ್ಲಿ ದಿನ ತುಂಬದೆ ಒಂದು ಗಂಡುಮಗು ಹುಟ್ಟಿತು. ಬಾಣಂತಿಗೆ ಜ್ವರ, ಮೈಮೇಲೆ ಎಚ್ಚರವಿಲ್ಲ. ಮಗುವನ್ನು ಹತ್ತಿಯಲ್ಲಿ ಸುತ್ತಿ, ಬೆಚ್ಚಗಿರಲೆಂದು ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟರು. ಒಂದು ಬಾಟಲಿಯ ಬಟ್ಟೆ ಜಾರಿತ್ತು. ಆ ಮಗುವಿಗೆ ಅಳುವಷ್ಟೂ ಶಕ್ತಿಯಿರಲಿಲ್ಲ. ಅಕ್ಕ ಬಿಚ್ಚಿ ನೋಡುವ ಹೊತ್ತಿಗೆ ಪಾದ ಬೆಂದಿತ್ತು. ಮಗು ಉಳಿಯಿತು, ಕಾಲ್ಬೆರಳು ಒಂದಕ್ಕೊಂದು ಅಂಟಿ ಪಾದ ಸೊಟ್ಟಗಾಯಿತು. ಗಾಯ ಮಾಯುವವರೆಗೂ ಹತ್ತಿ ಬಿಚ್ಚಿ ತೋರಿಸದೆ, ಡಾಕ್ಟರು ಮನೆಯವರಿಗೆ ಹುಟ್ಟಿದ್ದೇ ಹೀಗೆ ಎಂದುಬಿಟ್ಟರು. ಅಕ್ಕ ಪಕ್ಕದಲ್ಲಿ ನಿಂತಿದ್ದರು, ಸುಮ್ಮನಿದ್ದರು.

ಹುಡುಗಿ ಕೇಳಿದಳು, “ಯಾವ ಕಾಲು?”

“ಎಡಗಾಲು.”

“ಗಾಂವ್ ಯಾವ್ದು?”

ಅಷ್ಟು ಜನ ಹುಡುಗಿಯರಲ್ಲಿ ಯಾರೂ ಊರು ಕೇಳಿರಲಿಲ್ಲ. ಅಕ್ಕ ಹೇಳಿದರು. ಹುಡುಗಿ ಎದ್ದು ನಿಂತಳು.

“ಅಂವ ನಮ್ಮ ಅಣ್ಣ” ಎಂದಳು. “ಅಂವ ಹೊಟ್ಟ್ಯಾಗಿದ್ದಾಗ ಆಯಿ ಗ್ರಹಣದಾಗ ಈಳಗಿ ಹಿಡದಿದ್ಳು ಅಂತಾರ. ಅದಕ್ಕ ಹಂಗ ಆತು ಅಂತಾರ. ನಮ್ಮ ಆಜಿ ಇವತ್ತಿಗೂ ಅದನ್ನೇ ಅಂತಾಳ.”

ಅವಳು ಅಳಲಿಲ್ಲ. ಬಾಗಿಲು ತೆಗೆದು ಹೋದಳು. ಎರಡು ದಿನ ಡ್ಯೂಟಿಗೆ ಬರಲಿಲ್ಲ. ಇವಳೂ ಬಸ್ಸು ಹತ್ತಿದಳು ಎಂದುಕೊಂಡೆ. ಅಕ್ಕ ತಮ್ಮ ಪಾಳಿ ಮಾಡಿದರು, ಹಾಸಿಗೆಯ ಮೂಲೆಗಳನ್ನು ನೋಡಿದರು, ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

ಹುಡುಗಿ ಬಂದಳು. ನೇರ ನನ್ನ ಹತ್ತಿರ ಬಂದಳು. ಅವಳ ತಾಯಿಯ ವಿಷಯ ಆಗ ನನಗೆ ಗೊತ್ತಾಯಿತು. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿ ಮಗನ ಕಾಲು ಕತ್ತರಿಸಿದವಳು ಎಂಬ ಮಾತನ್ನು ಆಕೆ ಅಷ್ಟು ವರ್ಷ ಹೊತ್ತಿದ್ದಳು. ಊರಿನಲ್ಲಿ ಯಾವ ಬಸುರಿಯ ಸೀಮಂತದ ಕುಬುಸಕ್ಕೂ ಆಕೆಯನ್ನು ಕರೆಯುತ್ತಿರಲಿಲ್ಲ. ತನ್ನ ತವರಿನ ತಂಗಿಯ ಕುಬುಸಕ್ಕೂ ಕರೆಯಲಿಲ್ಲ. ಗ್ರಹಣ ಬಂತೆಂದರೆ ಅತ್ತೆ ಆಕೆಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ತಾನು ಈಳಿಗೆ ಹಿಡಿದಿದ್ದೆನೋ ಇಲ್ಲವೋ ಎಂಬುದು ಆಕೆಗೇ ನೆನಪಿರಲಿಲ್ಲ. ಎಲ್ಲರೂ ಹೇಳುತ್ತಿದ್ದರಿಂದ ಹಿಡಿದಿದ್ದೆ ಎಂದೇ ನಂಬಿದ್ದಳು.

“ನಾ ಹೇಳಿದ್ರ ಯಾರೂ ನಂಬಂಗಿಲ್ಲ. ಆಯಿನ್ನ ಉಳಸ್ಲಾಕ ಮಗಳು ಸುಳ್ಳು ಹೇಳ್ಲಾಕತ್ಯಾಳ ಅಂತಾರ. ಅಕ್ಕನೇ ಬಂದು ನಮ್ಮ ಆಜಿ ಮುಂದ ಹೇಳ್ಬೇಕು” ಎಂದಳು ಹುಡುಗಿ. “ಆಜಿಗಿ ಈಗೀಗ ಒಮ್ಮೊಮ್ಮೆ ಗುರುತು ಹತ್ತಂಗಿಲ್ಲ. ಲವ್ಕರ್, ಲಗೂನ ಬರ್ಲಿಕ್ಕಿ ಹೇಳ್ರಿ.”

ಅಕ್ಕ ಒಪ್ಪಿದರು. ಒಪ್ಪಿದರು, ಹೊರಡಲಿಲ್ಲ. ಗಣಪತಿ ಹಬ್ಬ ಆಗಲಿ ಎಂದರು. ದಸರಾಕ್ಕೆ ರಜೆ ಸಿಗಲಿಲ್ಲ ಎಂದರು. ಅವರಿಗೆ ರಜೆ ಕೊಡುವುದಿಲ್ಲ ಎನ್ನುವ ಧೈರ್ಯ ಆ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ, ಅದು ನನಗೆ ಗೊತ್ತು. ನಾನು ಜಗಳವನ್ನೇ ತೆಗೆದೆ.

“ಹೋದ ಬಳಿಕ ಏನಾಗ್ತದೋ ಯಾರಿಗ್ ಗೊತ್ರಿ?” ಎಂದರು ಅಕ್ಕ. “ಊರ ಮಂದಿ ಕೂಡ್ತಾರ. ಕಂಪ್ಲೇಂಟ್ ಬರೀತಾರ. ಈ ವಯಸ್ಸಿನಾಗ ನೌಕರಿ ಹೋದ್ರ ನಾ ಎಲ್ಲಿಗ್ ಹೋಗ್ಲಿ? ನನಗ ಯಾರದಾರ?”

ನಾನು ಜಗಳ ಬಿಟ್ಟೆ. ಹುಡುಗಿ ಆ ತಿಂಗಳುಗಳೆಲ್ಲ ಅಕ್ಕನ ಜೊತೆಯಲ್ಲಿಯೇ ಪಾಳಿ ಮಾಡಿದಳು. ಬೇರೆ ಜೋಡಿ ಕೊಡುತ್ತೇನೆ ಎಂದರೂ ಬೇಡವೆಂದಳು. ಕೆಲಸ ಹೇಳಿಕೊಟ್ಟಂತೆ ಕಲಿತಳು, ಕೆಲಸದ ಹೊರಗೆ ಒಂದು ಮಾತಾಡಲಿಲ್ಲ. ದಿನಾ ಪಾಳಿ ಮುಗಿದ ಮೇಲೆ ಅಕ್ಕನ ಎದುರು ಒಂದು ಗಳಿಗೆ ನಿಲ್ಲುತ್ತಿದ್ದಳು. ಅಕ್ಕ ತಲೆ ತಗ್ಗಿಸುತ್ತಿದ್ದರು. ಅವಳು ಹೋಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ನನ್ನ ಮನೆಯ ಬಾಗಿಲಿಗೆ ಬಂದರು. “ನಡೀರಿ, ನೀವು ಜೋಡಿ ಬರ್ರಿ” ಎಂದರು. ಮೂವರೂ ಗಂಗಾಪುರದ ಬಸ್ಸು ಹತ್ತಿದೆವು.

ಮುಂದೆ ಅಂಗಡಿ, ಹಿಂದೆ ಮನೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಣ್ಣ ಎದ್ದು, ಎಡಗಾಲು ಎಳೆಯುತ್ತ ಬಂದು, ತಂಗಿಯ ದೊಡ್ಡ ಸಿಸ್ಟರ್‌ಗಳೆಂದು ನಮಗೆ ಕೈಮುಗಿದ. ಅಕ್ಕ ಅವನ ಮುಖ ನೋಡಲಿಲ್ಲ, ಕಾಲು ನೋಡಿದರು. ತಾಯಿ ನೀರು ಬೆಲ್ಲ ತಂದಿಟ್ಟಳು. ಸಣ್ಣ ಮೈಯ ಹೆಂಗಸು. ನಮ್ಮ ಹತ್ತಿರ ಕೂಡ ಬಾಗಿಲಿನ ಮರೆಯಿಂದಲೇ ಮಾತಾಡುತ್ತಿದ್ದಳು.

ಅಕ್ಕ ಹೇಳಿದರು. ನಾನು ಕೇಳುತ್ತ ಕೂತೆ. ಕೋಣೆಯಲ್ಲಿ ಹುಡುಗಿಯರಿಗೆ ಹೇಳುತ್ತಿದ್ದ ಅವೇ ಮಾತು, ಅದೇ ಕ್ರಮ, ಮಾತು ತಡೆಯುತ್ತಿದ್ದಲ್ಲಿ ಅದೇ ತಡೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿತ್ತು. ಅಲ್ಲಿ ಕೂತಾಗ ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಅವರನ್ನು ನೆನೆದರೆ ಅಳು ಬರುತ್ತದೆ ಎಂಬುದೂ ನಿಜ.

ತಾಯಿ ಮಗನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಕ್ಕನ ಕೈ ಹಿಡಿದು ಎಬ್ಬಿಸಿ, “ಒಳಗ ಬರ್ರಿ. ಅತ್ತಿಗಿ ಹೇಳ್ರಿ” ಎಂದಳು. ಕೈ ಹಿಡಿದ ರೀತಿಯಲ್ಲಿ ಕೋಪವಿರಲಿಲ್ಲ. ಅವಸರವಿತ್ತು.

ಒಳಗಿನ ಕೋಣೆಯಲ್ಲಿ ಮುದುಕಿ ಕೌದಿ ಹೊದ್ದು ಗೋಡೆಗೆ ಒರಗಿತ್ತು. ಅಕ್ಕ ಕೆಳಗೆ ಕೂತು, ಕಿವಿಯ ಹತ್ತಿರ ಬಾಗಿ, ಜೋರಾಗಿ ಮತ್ತೆ ಎಲ್ಲ ಹೇಳಿದರು. ಈ ಸಲ ಮಾತು ನುಣುಪಾಗಿ ಬರಲಿಲ್ಲ, ಕ್ರಮ ತಪ್ಪಿತು. ತಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅತ್ತೆಯ ಎದುರು ನೆಟ್ಟಗೆ ನಿಂತಿದ್ದಳು. ಮುದುಕಿ ಅಕ್ಕನ ಬಿಳಿ ಸೀರೆಯನ್ನು ಮುಟ್ಟಿ ನೋಡಿತು.

“ದವಾಖಾನಿ ಬಾಯಿ ಏನು?” ಎಂದಿತು. ದನಿ ತಗ್ಗಿಸಿ ಗುಟ್ಟು ಹೇಳುವಂತೆ ಅಂದಿತು, “ಕೂಸಿನ್ನ ಚೆಂದಾಗಿ ನೋಡವ್ವಾ. ನಮ್ಮ ಸೊಸಿ ಗ್ರಹಣದಾಗ ಈಳಗಿ ಹಿಡದಾಳ.”

ಮೊಮ್ಮಗಳನ್ನು, ಮೊಮ್ಮಗನನ್ನು, ತಾನಿರುವ ಮನೆಯನ್ನು ಮರೆತಿದ್ದ ಆ ತಲೆಯಲ್ಲಿ ಉಳಿದದ್ದು ಅದೊಂದೇ. ಹುಡುಗಿ ಆಜಿಯ ಭುಜ ಹಿಡಿದು “ಇಲ್ಲ ಆಜಿ, ಇಲ್ಲ, ಐಕ್ ನಾ, ಕೇಳ ನಾ” ಎಂದು ಅಲುಗಿಸತೊಡಗಿದಳು. ತಾಯಿ ಅವಳ ಕೈ ಬಿಡಿಸಿದಳು. ಜಾರಿದ ಕೌದಿಯನ್ನು ಅತ್ತೆಯ ಕಾಲಿಗೆ ಹೊದಿಸಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

“ಹುಡುಗ್ಯಾರಿಗೆಲ್ಲ ಹೇಳ್ತಿದ್ರಂತ. ಮಗಳು ಹೇಳಿದ್ಳು” ಎಂದಳು. ದನಿ ಏರಲಿಲ್ಲ. “ಗುರುತಿಲ್ಲದ ಹುಡುಗ್ಯಾರಿಗಿ ಹೇಳೀರಿ. ನನಗ ಹೇಳಲಿಲ್ಲ ನೋಡ್ರಿ.”

ಅಕ್ಕ ನೆಲದ ಮೇಲೆ ಕೂತೇ ಇದ್ದರು. ಅಲ್ಲಿಂದಲೇ ಆ ತಾಯಿಯ ಕಾಲು ಮುಟ್ಟಲು ಕೈ ಚಾಚಿದರು. ಆಕೆ ಕಾಲು ಹಿಂದಕ್ಕೆ ತೆಗೆದುಕೊಂಡಳು.